ರೊಟ್ಟಿ ಕೋಣೆಯ ಫ್ಯಾನು

ಕಾದ ಹಂಚಿನ ಮೇಲಿನ ಜೋಳದ ರೊಟ್ಟಿಗೆ ಒದ್ದೆ ಬಟ್ಟೆಯಿಂದ ನೀರು ಸವರಿದಾಗ ಒಂದು ವಾಸನೆ ಏಳುತ್ತದೆ. ಅದು ಹಸಿ ಹಿಟ್ಟಿನ ವಾಸನೆಯೂ ಅಲ್ಲ, ಸುಟ್ಟ ವಾಸನೆಯೂ ಅಲ್ಲ. ಬೆಂಗಳೂರಿನ ಬಸವೇಶ್ವರನಗರದಲ್ಲಿ ಮುದ್ದೆ, ಅನ್ನ ಉಂಡು ಬೆಳೆದ ನನಗೆ ಕಾಲೇಜಿನ ಕೊನೆಯ ವರ್ಷದವರೆಗೂ ಆ ವಾಸನೆಯ ಪರಿಚಯವೇ ಇರಲಿಲ್ಲ. ಹೋದ ತಿಂಗಳು ಅಮ್ಮನ ಕನ್ನಡಕ ರಿಪೇರಿಗೆ ಕೊಡಲು ಅತ್ತಿಗುಪ್ಪೆಯಲ್ಲಿ ಮೆಟ್ರೋ ಇಳಿದು ಅಡ್ಡರಸ್ತೆಗೆ ತಿರುಗಿದಾಗ ಅದು ಮೂಗಿಗೆ ಬಡಿಯಿತು. ಕನ್ನಡಕದ ಅಂಗಡಿ ಇನ್ನೂ ಮುಂದಿತ್ತು. ನಾನು ಅಲ್ಲೇ ನಿಂತೆ. ಯಾವ ಬಾಗಿಲಿನಿಂದ ಬರುತ್ತಿದೆ ಎಂದು ಹುಡುಕಬೇಕಾಗಿರಲಿಲ್ಲ. ಒಂದು ಬೇಸಿಗೆ ಪೂರ್ತಿ ನಾನು ಆ ಬಾಗಿಲಿನಲ್ಲಿ ಹೋಗಿ ಬಂದಿದ್ದೆ.

ಆಗ ನಾನು ನಗರದ ಅಂಚಿನ ಉಲ್ಲಾಳದ ಆಚೆ ಇರುವ ಒಂದು ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದುತ್ತಿದ್ದೆ. ಕೊನೆಯ ಸೆಮಿಸ್ಟರಿಗೆ ಪ್ರಾಜೆಕ್ಟು ಮಾಡಲೇಬೇಕು. ನಮ್ಮ ತಂಡದಲ್ಲಿ ಮೂವರು. ಒಬ್ಬ ಕಿರಣ. ಉಲ್ಲಾಳದ ಹಳೆಯ ಮನೆತನದವನು. ಅವನ ತಾತ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅವರದೇ ಬಾಡಿಗೆ ಕಟ್ಟಡ ನಿಂತಿದೆ. ಅದರ ಮೇಲಿನ ಮಹಡಿಯ ಒಂದು ಖಾಲಿ ಕೋಣೆಯೇ ನಮ್ಮ ಕಾರ್ಯಾಲಯ. ಇನ್ನೊಬ್ಬ ಮಲ್ಲಿಕಾರ್ಜುನ, ನಮ್ಮೆಲ್ಲರ ಬಾಯಲ್ಲಿ ಮಲ್ಲು. ಗದಗದ ಕಡೆಯವನು. ಅವನ ಅಪ್ಪ ಶಿವಪ್ಪ, ಅವ್ವ ನೀಲವ್ವ ಕೆಲವು ವರ್ಷಗಳ ಹಿಂದೆ ಬಂದು ಅತ್ತಿಗುಪ್ಪೆಯಲ್ಲಿ ಖಾನಾವಳಿ ಇಟ್ಟಿದ್ದರು. ಉಳಿದ ತಂಡಗಳು ಡ್ರೋನು, ಸೋಲಾರು, ಬ್ಯಾಟರಿ ಎಂದು ಓಡುತ್ತಿದ್ದಾಗ ಮಲ್ಲು ಎದ್ದು ನಿಂತು ಸೀಲಿಂಗ್ ಫ್ಯಾನಿನ ರೆಕ್ಕೆಯ ಸುತ್ತ ಗಾಳಿ ಹೇಗೆ ಹರಿಯುತ್ತದೆ ಎಂದು ಕಂಪ್ಯೂಟರಿನಲ್ಲಿ ನೋಡುತ್ತೇವೆ ಎಂದ. ನಮ್ಮ ಗೈಡ್ ವಸುಧಾ ಮೇಡಂ ನಕ್ಕರು.

"ಸೀಲಿಂಗ್ ಫ್ಯಾನಾ? ಅದರಲ್ಲಿ ಇನ್ನೇನ್ರೋ ಉಳಿದಿದೆ?"

"ಐತ್ರಿ ಮೇಡಂ. ನಮ್ಮ ಮನ್ಯಾಗ ಐತಿ," ಎಂದ ಮಲ್ಲು. ಕ್ಲಾಸೂ ನಕ್ಕಿತು. ಅವನು ನಗಲಿಲ್ಲ.

ಯಾಕೆ ನಗಲಿಲ್ಲ ಎಂಬುದು ಅವನ ಮನೆಗೆ ಹೋದ ದಿನ ತಿಳಿಯಿತು. ಖಾನಾವಳಿಯ ಮುಂದಿನ ಭಾಗದಲ್ಲಿ ಊಟದ ಮೇಜುಗಳು, ಹಿಂದೆ ರೊಟ್ಟಿ ಮಾಡುವ ಕೋಣೆ. ಆ ಕೋಣೆಗೆ ಮೂರು ಕಡೆ ಗೋಡೆ, ಆ ಗೋಡೆಗಳಿಗೆ ಪಕ್ಕದ ಕಟ್ಟಡಗಳು ಅಂಟಿಕೊಂಡಿದ್ದವು. ಎಕ್ಸಾಸ್ಟ್ ಫ್ಯಾನು ಇಡಬೇಕೆಂದರೆ ಅದು ಯಾರದೋ ಮಲಗುವ ಕೋಣೆಗೆ ಬಿಸಿಗಾಳಿ ಊದುತ್ತಿತ್ತು. ಬಾಗಿಲ ಮೇಲೆ ಒಂದು ಕಿಂಡಿ, ಅದಕ್ಕೂ ರಟ್ಟು ಬಡಿದಿತ್ತು. ಸಾಲಾಗಿ ಗ್ಯಾಸ್ ಒಲೆಗಳು, ಅವುಗಳ ಮುಂದೆ ನೀಲವ್ವ ಕೂತು ರೊಟ್ಟಿ ಬಡಿಯುತ್ತಿದ್ದರು. ನೆತ್ತಿಯ ಮೇಲೆ ಒಳ್ಳೆಯ ಫ್ಯಾನಿತ್ತು. ಆದರೆ ತಿರುಗುತ್ತಿರಲಿಲ್ಲ. ಕೆಟ್ಟಿದೆಯಾ ಎಂದು ಕೇಳಿದೆ.

"ಕೆಟ್ಟಿಲ್ಲವ್ವ. ಹಾಕಿದ್ರ ಒಲಿ ಆರತೈತಿ, ಹಿಟ್ಟ ಹಾರತೈತಿ. ರೊಟ್ಟಿ ಬಡಿಯೂದ ಮುಗದ ಮ್ಯಾಲೆ ಹಾಕ್ಕೊಂತೀನಿ," ಎಂದರು ನೀಲವ್ವ. ಅವರ ಎಡ ಮುಂಗೈ ಮೇಲೆ ಸುಟ್ಟ ಕಲೆ ಹೊಸದಾಗಿತ್ತು. ಶಿವರಾತ್ರಿಗೆ ಸ್ವಲ್ಪ ಮೊದಲು ಅವರು ಆ ಕೋಣೆಯಲ್ಲಿ ಕಣ್ಣು ಕತ್ತಲೆ ಬಂದು ವಾಲಿದ್ದರು, ಕೈ ಹಂಚಿಗೆ ತಗುಲಿತ್ತು. ಡಾಕ್ಟರು ಇನ್ನು ಈ ಕಾವಿನಲ್ಲಿ ಕೂರಬೇಡಿ ಎಂದಿದ್ದರು. ಗಿರಾಕಿಗಳು ಬರುತ್ತಿದ್ದದ್ದು ನೀಲವ್ವನ ಕೈ ರೊಟ್ಟಿಗೆ. ಈ ಬೇಸಿಗೆಯೊಳಗೆ ಏನಾದರೂ ದಾರಿ ಕಾಣದಿದ್ದರೆ ಖಾನಾವಳಿ ಮುಚ್ಚಿ ಊರಿಗೆ ಹೋಗುವುದು ಎಂದು ಶಿವಪ್ಪ ತೀರ್ಮಾನ ಮಾಡಿಬಿಟ್ಟಿದ್ದರು. ನೀಲವ್ವನಿಗೆ ಅದು ಇಷ್ಟವಿರಲಿಲ್ಲ. ಊರಿನಲ್ಲಿ ತಾನು ಯಾರದೋ ಹೆಂಡತಿ, ಯಾರದೋ ಸೊಸೆ, ಇಲ್ಲಿ ಜನ ತನ್ನ ಹೆಸರು ಹೇಳಿಕೊಂಡು ಉಣ್ಣಲು ಬರುತ್ತಾರೆ ಎಂದು ಒಮ್ಮೆ ನನ್ನ ಹತ್ತಿರ ನೇರವಾಗಿಯೇ ಹೇಳಿದರು. "ಕೈಗೆ ದಣಿವಿಲ್ಲ ತಂಗಿ, ಮೈಗಷ್ಟ ಐತಿ."

ಮಲ್ಲುವಿನ ಯೋಚನೆ ಸರಳವಾಗಿತ್ತು. ಕೆಳಗೆ ಕೂತವರ ಮೇಲೆ ರಪ್ಪನೆ ಗಾಳಿ ಸುರಿಸದೆ, ಕೋಣೆಯಲ್ಲೆಲ್ಲ ಮೆಲ್ಲಗೆ ಹರಡುವಂಥ ಒಂದು ರೆಕ್ಕೆ ಬೇಕು. ರೆಕ್ಕೆಯ ತಿರುಚು ಬದಲಾಯಿಸಿದರೆ ಅದು ಆಗಬಹುದು ಎಂದು ಅವನ ನಂಬಿಕೆ. ನನಗೆ ಅಷ್ಟು ನಂಬಿಕೆ ಇರಲಿಲ್ಲ. ಆದರೆ ಆ ಮುಂಗೈ ನೋಡಿದ ಮೇಲೆ ಡ್ರೋನಿನ ಬಗ್ಗೆ ಮಾತಾಡಲು ನನಗೆ ಮನಸ್ಸಾಗಲಿಲ್ಲ.

ಫ್ಯಾನಿನ ಒಂದು ರೆಕ್ಕೆ ಬಿಚ್ಚಿ ಉಲ್ಲಾಳಕ್ಕೆ ಬಸ್ಸಿನಲ್ಲಿ ಒಯ್ದೆವು. ಕಂಡಕ್ಟರು ಅದಕ್ಕೂ ಟಿಕೆಟ್ ತಗೊಳ್ಳಿ ಎಂದು ತಮಾಷೆ ಮಾಡಿದರು. ರಟ್ಟು ಕತ್ತರಿಸಿ ಅದರ ಬಾಗು ಹಿಡಿದು, ಬುಡದಲ್ಲಿ ಎಷ್ಟು ಓರೆ, ತುದಿಯಲ್ಲಿ ಎಷ್ಟು ಓರೆ ಎಂದು ಅಳೆದು, ಕಂಪ್ಯೂಟರಿನಲ್ಲಿ ಹಾಗೇ ಮತ್ತೊಂದು ರೆಕ್ಕೆ ಕಟ್ಟಿದೆವು. ಕೋಣೆಯ ಗಾಳಿಯನ್ನೆಲ್ಲ ಸಣ್ಣ ಸಣ್ಣ ಚೂರು ಮಾಡುವ ಕೆಲಸ ನನ್ನದು. ಒಂದೊಂದು ಚೂರಿನಲ್ಲೂ ಗಾಳಿ ಎಷ್ಟು ಜೋರು, ಎತ್ತ ಕಡೆ ಎಂದು ಕಂಪ್ಯೂಟರು ಲೆಕ್ಕ ಹಾಕುತ್ತದೆ. ಚೂರು ದೊಡ್ಡದಾದರೆ ಉತ್ತರ ಸುಳ್ಳು, ಸಣ್ಣದಾದರೆ ಲೆಕ್ಕ ಮುಗಿಯುವುದೇ ಇಲ್ಲ. ಮೂರು ರೆಕ್ಕೆಯನ್ನೂ ಲೆಕ್ಕ ಮಾಡಬೇಕಿಲ್ಲ, ಕಲ್ಲಂಗಡಿಯ ಹೋಳಿನಂತೆ ಒಂದು ಭಾಗ ತೆಗೆದುಕೊಂಡರೆ ಸಾಕು, ಉಳಿದದ್ದು ಅದೇ ಥರ ಎಂದು ಕಂಪ್ಯೂಟರಿಗೆ ಹೇಳಬಹುದು. ಇನ್ನೊಂದು ಅನುಕೂಲವೂ ಇತ್ತು. ರೆಕ್ಕೆಯನ್ನು ನಿಜವಾಗಿ ತಿರುಗಿಸಬೇಕಿರಲಿಲ್ಲ. ರೆಕ್ಕೆ ನಿಂತೇ ಇರುತ್ತದೆ, ಅದರ ಸುತ್ತಲಿನ ಜಾಗ ಇಂಥ ವೇಗದಲ್ಲಿ, ಇಂಥ ಕಡೆಗೆ ತಿರುಗುತ್ತಿದೆ ಎಂದು ಬರೆದುಕೊಟ್ಟರೆ ಲೆಕ್ಕ ಅದೇ ಬರುತ್ತದೆ. ಹಾಗಾಗಿ ಆ ಬೇಸಿಗೆಯಿಡೀ ನಮ್ಮ ಪರದೆಯ ಮೇಲಿನ ಫ್ಯಾನು ಒಮ್ಮೆಯೂ ಅಲುಗಾಡಲಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದು ಮುಂದೆ ಗೊತ್ತಾಗುತ್ತದೆ.

ಕಿರಣನ ಲ್ಯಾಪ್‌ಟಾಪು ಆಟ ಆಡಲು ತಂದದ್ದು, ಅದಕ್ಕೇ ಲೆಕ್ಕ ಹೊರಿಸಿದೆವು. ಮೇಲಿನ ಮಹಡಿ, ಶೀಟಿನ ಸೂರು, ಏಪ್ರಿಲ್ ಬಿಸಿಲು. ಲ್ಯಾಪ್‌ಟಾಪು ಕಾದು ನಿಂತುಬಿಡುತ್ತಿತ್ತು. ಕೊನೆಗೆ ಇದ್ದ ಒಂದೇ ಟೇಬಲ್ ಫ್ಯಾನನ್ನು ಅದಕ್ಕೆ ಇಟ್ಟು ನಾವು ನೋಟ್‌ಬುಕ್ಕಿನಲ್ಲಿ ಗಾಳಿ ಬೀಸಿಕೊಂಡು ಕೂತೆವು. ಕರೆಂಟು ಹೋದರೆ ಅರ್ಧಕ್ಕೆ ನಿಂತ ಲೆಕ್ಕ ಮತ್ತೆ ಮೊದಲಿನಿಂದ. ಕಿರಣನ ಅಜ್ಜಿ ಮಜ್ಜಿಗೆ ಕಳಿಸುತ್ತಿದ್ದರು, ಜೊತೆಗೆ ಮೂರು ಜನ ಒಂದು ಫ್ಯಾನು ನೋಡಿಕೊಂಡು ಕೂರುವುದು ಯಾವ ಓದು ಎಂಬ ಪ್ರಶ್ನೆಯನ್ನೂ ಕಳಿಸುತ್ತಿದ್ದರು.

ಲೆಕ್ಕ ಶುರುಮಾಡುವ ದಿನ ಮಲ್ಲು ಬಿಚ್ಚಿದ ರೆಕ್ಕೆಯನ್ನು ವಾಪಸು ಸಿಕ್ಕಿಸಿ ಖಾನಾವಳಿಯಲ್ಲೇ ಇದ್ದ. ಕಿರಣ ಫೋನು ಹಚ್ಚಿದ.

"ಮಗಾ, ನಿಮ್ಮ ಫ್ಯಾನು ಯಾವ ಕಡೆ ತಿರುಗುತ್ತೆ? ಆನ್ ಮಾಡಿ ನೋಡಿ ಹೇಳೋ."

ಸ್ವಲ್ಪ ಹೊತ್ತು ಬಿಟ್ಟು ಮಲ್ಲುವಿನ ದನಿ ಬಂತು. "ಪ್ರದಕ್ಷಿಣಿ ಹಾಕತೈತಿ."

"ಪ್ರದಕ್ಷಿಣೆನಾ? ಕನ್ಫರ್ಮಾ?"

"ಕೆಳಗ ಸುತ್ತ ಹಾಕೇ ನೋಡಿದ್ನೋ. ಬರೊಬ್ಬರಿ ಗುಡಿ ಸುತ್ತಿದಂಗ."

ಪ್ರದಕ್ಷಿಣೆ ಎಂದರೆ ಗಡಿಯಾರದ ಮುಳ್ಳಿನ ದಿಕ್ಕು ಎಂದು ಕಿರಣ ಕಂಪ್ಯೂಟರಿಗೆ ಬರೆದುಕೊಟ್ಟ. ನಾನೂ ಪಕ್ಕದಲ್ಲೇ ಕೂತಿದ್ದೆ. ಮೂವರಿಗೂ ಆ ಮಾತಿನಲ್ಲಿ ಅನುಮಾನ ಪಡುವಂಥದ್ದು ಏನೂ ಕಾಣಲಿಲ್ಲ.

ತಿರುಚು ಬದಲಾಯಿಸುತ್ತಾ ಹೋದೆವು. ಒಂದು ಮಧ್ಯಾಹ್ನ ಬಂದ ಚಿತ್ರ ನೋಡಿ ಮಲ್ಲು ಕುರ್ಚಿಯಿಂದ ಎದ್ದ. ಗಾಳಿಯ ವೇಗವನ್ನು ಕಂಪ್ಯೂಟರು ಬಣ್ಣದಲ್ಲಿ ತೋರಿಸುತ್ತದೆ, ಜೋರಿದ್ದಲ್ಲಿ ಕೆಂಪು, ಇಲ್ಲದಲ್ಲಿ ನೀಲಿ. ಒಲೆಗಳಿರುವ ಎತ್ತರದಲ್ಲಿ, ಕೋಣೆಯ ನಡುವೆ ಎಲ್ಲ ತಿಳಿನೀಲಿ. ಗೋಡೆಗಳ ಪಕ್ಕದಲ್ಲಿ ಮಾತ್ರ ತೆಳ್ಳನೆಯ ಹಸಿರು. ನಮಗೆ ಬೇಕಿದ್ದದ್ದೇ ಅದು. ಅವತ್ತೇ ಬಸ್ಸು ಹತ್ತಿ ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು ಅತ್ತಿಗುಪ್ಪೆಗೆ ಹೋದೆವು.

"ಈ ನೀಲಿ ಐತಲ್ಲವ್ವ, ಇಲ್ಲಿ ಗಾಳಿ ಭಾಳ ಇಲ್ಲ. ನೀ ಕೂಡೂ ಜಾಗ ಇದು," ಎಂದು ಮಲ್ಲು ತೋರಿಸಿದ.

"ಮತ್ತ ನನಗ ಗಾಳಿ ಬರೂದಿಲ್ಲೇನ?"

"ಗ್ವಾಡಿಗುಂಟ ಮೆಲ್ಲಕ ಇಳದ ಬರತೈತಿ. ಒಲಿ ಆರೂದಿಲ್ಲ."

ನೀಲವ್ವ ಹಿಟ್ಟಿನ ಕೈಯನ್ನು ಪರದೆಗೆ ತಾಗಿಸದೆ ದೂರದಿಂದಲೇ ಆ ನೀಲಿಯನ್ನು ನೋಡಿದರು. "ಚಂದ ಐತಿ," ಎಂದರು. ಅವತ್ತು ನಮಗೆ ಎಣ್ಣೆಗಾಯಿ, ಶೇಂಗಾ ಚಟ್ನಿ, ಬೇಡವೆಂದರೂ ಇನ್ನೊಂದು ರೊಟ್ಟಿ. ನಾನು ಅಷ್ಟು ಸಂತೋಷವಾಗಿ ಊಟ ಮಾಡಿದ ದಿನಗಳು ಕಡಿಮೆ.

ಕಾಲೇಜಿನ ರಿವ್ಯೂನಲ್ಲಿ ವಸುಧಾ ಮೇಡಂ ಚಿತ್ರ ಮೆಚ್ಚಿಕೊಂಡರು. ಹಳೆಯ ರೆಕ್ಕೆಗೂ ಇದೇ ಲೆಕ್ಕ ಓಡಿಸಿ ಹೋಲಿಸಿದಿರಾ ಎಂದು ಕೇಳಿದರು. ಹಳೆಯದು ಹೇಗೆ ಎಂದು ಅದರ ಕೆಳಗೆ ನಿಂತೇ ನೋಡಿದ್ದೇವೆ ಮೇಡಂ, ಆಮೇಲೆ ಓಡಿಸುತ್ತೇವೆ ಎಂದ ಕಿರಣ. ಆಗಲಿ ಎಂದರು. ನಾವು ಕಾಮಾಕ್ಷಿಪಾಳ್ಯದ ಒಂದು ಶೀಟ್ ಮೆಟಲ್ ಅಂಗಡಿಯಲ್ಲಿ ಹೊಸ ರೆಕ್ಕೆಗಳನ್ನು ಕತ್ತರಿಸಿ, ತಿರುಚಿಸಿ, ಬಿಳಿ ಬಣ್ಣ ಬಳಿಸಿಕೊಂಡು ಬಂದೆವು.

ಬಸವ ಜಯಂತಿಯ ದಿನ ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ಅವನ್ನು ಫ್ಯಾನಿಗೆ ಸಿಕ್ಕಿಸಿದೆವು. ನೀಲವ್ವ ಎಂದಿನಂತೆ ಒಲೆ ಹಚ್ಚಿ, ಮುಂದೆ ಹಿಟ್ಟು ಹರಡಿಕೊಂಡು ಕೂತರು. ಶಿವಪ್ಪ ಬಾಗಿಲಲ್ಲಿ ಟವೆಲು ಹೆಗಲಿಗೆ ಹಾಕಿ ನಿಂತರು. ಮಲ್ಲು ಸ್ವಿಚ್ಚು ಒತ್ತಿದ. ರೆಕ್ಕೆಗಳು ವೇಗ ಹಿಡಿಯುತ್ತಿದ್ದಂತೆ ಹಂಚಿನ ಕೆಳಗಿನ ಉರಿ ಪಕ್ಕಕ್ಕೆ ಮಲಗಿತು, ಮತ್ತೆ ಎದ್ದಿತು, ಆರಿಹೋಯಿತು. ಹಿಟ್ಟು ಎದ್ದು ನೀಲವ್ವನ ಮುಖ, ಸೀರೆ, ನನ್ನ ಬ್ಯಾಗು, ಕಿರಣನ ತಲೆ ಎಲ್ಲದರ ಮೇಲೂ ಕೂತಿತು. ಶಿವಪ್ಪ ಬಂದು ಮೊದಲು ಗ್ಯಾಸು ಬಂದ್ ಮಾಡಿದರು, ಆಮೇಲೆ ಫ್ಯಾನು.

ನೀಲವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಹಿಟ್ಟಿಗೋ ಬೇರೆಯದಕ್ಕೋ ನನಗೆ ಗೊತ್ತಾಗಲಿಲ್ಲ.

"ಆತಲ್ಲಪಾ. ಸಾಲಿ ಓದಿದ್ದು ಸಾಲಿಗೇ ಇರಲಿ," ಎಂದರು ಶಿವಪ್ಪ. ದನಿಯಲ್ಲಿ ಸಿಟ್ಟಿರಲಿಲ್ಲ. "ಮಳಿ ಹಿಡಿಯೂದ್ರಾಗ ಊರಿಗೆ ಹೋಗೂಣು. ಮಾಲೀಕರಿಗೆ ಇವತ್ತ ಹೇಳತೇನಿ."

"ನಾಳಿಗೆ ಹೇಳ್ರಿ," ಎಂದರು ನೀಲವ್ವ. ಅಷ್ಟೇ ಹೇಳಿ ಪೊರಕೆ ತೆಗೆದುಕೊಂಡರು. ನನಗೆ ತುಂಬ ನಾಚಿಕೆಯಾಯಿತು. ಅವರ ಕೈಯಿಂದ ಪೊರಕೆ ಕಿತ್ತುಕೊಂಡು ನಾನೇ ಗುಡಿಸಿದೆ. ಬೇರೆ ಏನು ಮಾಡಬೇಕೋ ತೋಚಲಿಲ್ಲ.

ಕಿರಣ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು ತೆರೆದು ಮುಖ ಗಂಟಿಕ್ಕಿ ಕೂತಿದ್ದ. "ಗುರು, ಬಣ್ಣ ಸರಿಯಾಗೇ ಇದೆ. ಇಲ್ಲಿ ಗಾಳಿನೇ ಇಲ್ಲ ಅಂತಿದೆ."

"ಬಣ್ಣ ಎಷ್ಟು ಜೋರು ಅಂತ ಹೇಳುತ್ತೆ. ಎತ್ತ ಕಡೆ ಅಂತ ಹೇಳಲ್ಲ. ಬಾಣ ಹಾಕು," ಎಂದೆ. ಅಷ್ಟು ದಿನ ಬಾಣಗಳನ್ನು ಹಾಕಿದರೆ ಚಿತ್ರ ಗಲೀಜಾಗುತ್ತದೆ ಎಂದು ನಾವು ಹಾಕಿರಲೇ ಇಲ್ಲ. ಈಗ ಹಾಕಿದ. ರೆಕ್ಕೆಯ ಬಳಿಯ ಬಾಣಗಳೆಲ್ಲ ಸೂರಿನ ಕಡೆ ಮುಖ ಮಾಡಿದ್ದವು. ಗಾಳಿ ಮೇಲಕ್ಕೆ ಹೋಗಿ, ಸೂರಿಗೆ ಬಡಿದು, ಗೋಡೆಗುಂಟ ಇಳಿಯುತ್ತಿತ್ತು. ಲೆಕ್ಕದಲ್ಲಿ ನಮ್ಮ ಫ್ಯಾನು ಹಿಂದುಮುಂದಾಗಿ ತಿರುಗುತ್ತಿತ್ತು; ಪರದೆಯ ಮೇಲೆ ಅದು ಅಲುಗಾಡದೆ ನಿಂತಿದ್ದರಿಂದ ನಮಗೆ ಕಂಡಿರಲಿಲ್ಲ.

"ಪ್ರದಕ್ಷಿಣೆ ಅಂತ ನೀನೇ ಹೇಳಿದ್ದು ಕಣೋ," ಎಂದ ಕಿರಣ.

"ಪ್ರದಕ್ಷಿಣಿನ ಹಾಕತೈತಿ. ಬಾ ತೋರಸ್ತೀನಿ," ಎಂದ ಮಲ್ಲು. ಮೂವರೂ ಮತ್ತೆ ರೊಟ್ಟಿ ಕೋಣೆಗೆ ಹೋದೆವು. ಫ್ಯಾನನ್ನು ಮೆಲ್ಲಗೆ ಬಿಟ್ಟು ಅವನು ಒಂದು ರೆಕ್ಕೆಯನ್ನು ಹಿಂಬಾಲಿಸುತ್ತಾ ಅದರ ಕೆಳಗೆ ನಡೆದ. ಬಲಭುಜ ಒಳಗೆ, ಗುಡಿ ಸುತ್ತಿದ ಹಾಗೆಯೇ. ಕಿರಣ ಕತ್ತು ಎತ್ತಿ ನೋಡಿದ. ಅವನ ಕಣ್ಣಿಗೆ ಅದು ಗಡಿಯಾರದ ಮುಳ್ಳಿಗೆ ಎದುರು ದಿಕ್ಕು. ಇಬ್ಬರೂ ತಮ್ಮದೇ ಸರಿ ಎಂದು ನಿಂತರು. ನಾನು ಬೆರಳನ್ನು ಸೂರಿನ ಕಡೆ ಎತ್ತಿ ಫ್ಯಾನಿನ ಜೊತೆ ಸುತ್ತು ತಿರುಗಿಸತೊಡಗಿದೆ. ತಿರುಗಿಸುತ್ತಲೇ ಕೈಯನ್ನು ಮೆಲ್ಲಗೆ ಕಣ್ಣಿನ ಮಟ್ಟಕ್ಕೆ, ಅಲ್ಲಿಂದ ಸೊಂಟದ ಮಟ್ಟಕ್ಕೆ ಇಳಿಸಿದೆ. ಬೆರಳು ತಿರುಗುವುದನ್ನು ಬದಲಿಸಿರಲಿಲ್ಲ. ಆದರೆ ಕೆಳಗಿನಿಂದ ನೋಡುವಾಗ ಒಂದು ಕಡೆ ಕಂಡ ಸುತ್ತು ಮೇಲಿನಿಂದ ನೋಡುವಾಗ ಇನ್ನೊಂದು ಕಡೆ. ನಾವು ಗುಡಿ ಸುತ್ತುವುದು ನೆಲದ ಮೇಲೆ; ಆ ಸುತ್ತು ಗಡಿಯಾರದಂತೆ ಕಾಣುವುದು ಮೇಲಿನಿಂದ ನೋಡಿದವರಿಗೆ. ಕಿರಣ ರೆಕ್ಕೆಯ ಚಿತ್ರ ಬರೆದದ್ದು ಮಂಚದ ಮೇಲೆ ಮಲಗಿ ಫ್ಯಾನು ನೋಡುವವನಂತೆ, ಕೆಳಗಿನಿಂದ. ಇಬ್ಬರದೂ ಸರಿ, ಲೆಕ್ಕ ಮಾತ್ರ ತಪ್ಪು.

ನೀಲವ್ವ ನನ್ನ ಬೆರಳನ್ನೇ ನೋಡುತ್ತಿದ್ದರು. ತಾವೂ ಒಮ್ಮೆ ಬೆರಳು ಎತ್ತಿ ತಿರುಗಿಸಿ ಇಳಿಸಿ ನೋಡಿದರು. ಆಮೇಲೆ ಕೇಳಿದರು:

"ಅಂದ್ರ ನೀವು ತೋರಿಸಿದ ನೀಲಿ, ಫ್ಯಾನು ಹಿಂದಕ ತಿರುಗಿದ್ರ ಬರೂದೇನು?"

"ಹೌದವ್ವ," ಎಂದ ಮಲ್ಲು, ನೆಲ ನೋಡುತ್ತಾ.

"ಹಂಗಾರ ಹಿಂದಕ ತಿರುಗಿಸ್ರಿ."

ಅವರು ಅದನ್ನು ಎಷ್ಟು ಸಹಜವಾಗಿ ಹೇಳಿದರೆಂದರೆ ನಮಗೆ ಮೊದಲು ತಲೆಗೆ ಹತ್ತಲಿಲ್ಲ. ನಾವು ತಪ್ಪಿನ ಲೆಕ್ಕದಲ್ಲಿ ಮುಳುಗಿದ್ದೆವು, ಅವರಿಗೆ ಬೇಕಿದ್ದದ್ದು ಆ ನೀಲಿ.

ಬೀದಿಯ ಕೊನೆಯಲ್ಲಿ ಅಂಗಡಿ ಇದ್ದ ಎಲೆಕ್ಟ್ರಿಷಿಯನ್ ರಫೀಕಣ್ಣ ಕರೆದ ಕೂಡಲೇ ಬಂದರು. ವಿಷಯ ಕೇಳಿ ಸ್ಕ್ರೂಡ್ರೈವರ್ ಜೇಬಿಗೆ ಹಾಕಿಕೊಂಡರು.

"ಏನ್ ಸಾರ್, ಎಲ್ರೂ ಫ್ಯಾನ್ ಉಲ್ಟಾ ತಿರುಗ್ತಾ ಇದೆ, ಸರಿ ಮಾಡಿ ಅಂತ ಕರೀತಾರೆ. ನೀವು ಸರಿ ಇರೋದನ್ನ ಉಲ್ಟಾ ಮಾಡು ಅಂತೀರಾ? ಆಮೇಲೆ ಗಾಳಿ ಬರಲ್ಲ ಅಂತ ನನ್ನೇ ಬೈತೀರ."

"ಬೈಯೂದಿಲ್ಲ ಅಣ್ಣಾ, ನೀವ್ ಮಾಡ್ರಿ," ಎಂದ ಮಲ್ಲು.

ನಿಮ್ಮ ಹೊಸ ರೆಕ್ಕೆಗಳ ತೂಕ ಸಮ ಇಲ್ಲ ಎಂದು ಅವರು ಹಳೆಯ ರೆಕ್ಕೆಗಳನ್ನೇ ವಾಪಸು ಹಾಕಿದರು. ದಿಕ್ಕು ಬದಲಾಗುವಂತೆ ಕಪಾಸಿಟರಿನ ಒಂದು ವೈರು ಬಿಚ್ಚಿ ಇನ್ನೊಂದು ಕಡೆ ಸೇರಿಸಿದರು. ಉಲ್ಟಾ ತಿರುಗುವಾಗ ಸಡಿಲವಾಗಬಾರದೆಂದು ಮೇಲಿನ ಬೋಲ್ಟಿಗೆ ಇನ್ನೊಂದು ಪಿನ್ನು ಕೊಟ್ಟರು. ಕಿರಣ ಸ್ಟೂಲು ಹತ್ತಿ ಬಾಗಿಲ ಮೇಲಿನ ಕಿಂಡಿಯ ರಟ್ಟು ಕಿತ್ತ, ಬಿಸಿಗಾಳಿ ಮೇಲೆ ಸೇರಿದರೆ ಹೋಗಲು ಅದೊಂದೇ ದಾರಿ. ನೀಲವ್ವ ಮತ್ತೆ ಒಲೆ ಹಚ್ಚಿದರು. ಈ ಸಲ ಹಿಟ್ಟು ಸ್ವಲ್ಪವೇ ಹರಡಿದರು, ನಮ್ಮ ಮೇಲೆ ಅಷ್ಟೇ ನಂಬಿಕೆ ಉಳಿದಿತ್ತು. ಫ್ಯಾನು ತಿರುಗಿತು. ಉರಿ ಒಮ್ಮೆ ನಡುಗಿ ನೆಟ್ಟಗೆ ನಿಂತಿತು. ಹಿಟ್ಟು ಇದ್ದಲ್ಲೇ ಇತ್ತು. ಗೋಡೆಗೆ ನೇತುಹಾಕಿದ್ದ ಕ್ಯಾಲೆಂಡರು ಮೆಲ್ಲಗೆ ಅಲ್ಲಾಡಿತು.

ಎಲ್ಲರೂ ನೀಲವ್ವನ ಮುಖ ನೋಡುತ್ತಿದ್ದೆವು. ಅವರು ಒಂದು ರೊಟ್ಟಿ ಬಡಿದು ಹಂಚಿಗೆ ಹಾಕಿದರು, ನೀರು ಸವರಿದರು, ತಿರುವಿ ಹಾಕಿದರು. ಇನ್ನೊಂದು ಬಡಿದರು. ಹಣೆ ಮುಟ್ಟಿಕೊಂಡರು.

"ತಂಪೇನ ಇಲ್ಲ," ಎಂದರು. "ಗಾಳಿ ಐತಿ ಅಂತನೂ ಗೊತ್ತಾಗೂದಿಲ್ಲ. ಆದ್ರ ಬೆವರ ಆರಾಕತ್ತೈತಿ."

ಶಿವಪ್ಪ ಒಳಗೆ ಬಂದು ಅವರ ಪಕ್ಕದಲ್ಲಿ ಒಲೆಯ ಮುಂದೆ ಕೂತರು. ಬಹಳ ಹೊತ್ತು ಕೂತರು. ಮಾಲೀಕರ ಸುದ್ದಿ ಎತ್ತದೆ ಎದ್ದು ಹೊರಗೆ ಹೋಗಿ ಮೇಜು ಒರೆಸತೊಡಗಿದರು. ಮಲ್ಲು ಅಳುತ್ತಿದ್ದ. ನನಗೂ ಕಣ್ಣು ತುಂಬಿತ್ತು, ಮುಚ್ಚಿಡುವ ಅಗತ್ಯ ಕಾಣಲಿಲ್ಲ.

ಪ್ರಾಜೆಕ್ಟಿನ ಗತಿ ಬೇರೆಯೇ ಆಯಿತು. ದಿಕ್ಕು ಸರಿಮಾಡಿ, ಹಳೆಯ ರೆಕ್ಕೆಗೂ ಹೊಸ ರೆಕ್ಕೆಗೂ ಲೆಕ್ಕ ಓಡಿಸಿದೆವು. ಎರಡರ ಚಿತ್ರವನ್ನೂ ಪಕ್ಕದಲ್ಲಿಟ್ಟರೆ ಯಾವುದು ಯಾವುದೆಂದು ನಮಗೇ ಗೊತ್ತಾಗುತ್ತಿರಲಿಲ್ಲ. ನಮ್ಮ ತಿರುಚಿನಿಂದ ಆದದ್ದು ಏನೂ ಇಲ್ಲ. ವಸುಧಾ ಮೇಡಂ ಚಿತ್ರಗಳನ್ನು ನೋಡಿ, "ಹಳೇದಕ್ಕೂ ಓಡಿಸಿ ಅಂತ ಅವತ್ತೇ ಹೇಳಿದ್ದೆ," ಎಂದು ಒಂದೇ ಮಾತು ಹೇಳಿ ತಲೆಬರಹದಿಂದ 'ಸುಧಾರಿತ' ಎಂಬುದನ್ನು ಹೊಡೆದುಹಾಕಿದರು. ವೈವಾಗೆ ಹೊರಗಿನಿಂದ ಬಂದ ಪರೀಕ್ಷಕರು ಕನ್ನಡಕ ಮೂಗಿನ ತುದಿಗೆ ಇಳಿಸಿ ಕೇಳಿದರು:

"ಹಾಗಾದರೆ ನಿಮ್ಮ ಹೊಸ ರೆಕ್ಕೆ ವೇಸ್ಟ್ ಅಂತೀರಾ?"

"ಹೌದು ಸರ್. ಹಳೇದೇ ಸಾಕು," ಎಂದ ಮಲ್ಲು, ಕಷ್ಟಪಟ್ಟು ಬೆಂಗಳೂರು ಕನ್ನಡದಲ್ಲಿ.

"ಚಳಿ ದೇಶಗಳಲ್ಲಿ ಫ್ಯಾನನ್ನ ರಿವರ್ಸ್ ತಿರುಗಿಸೋಕೆ ಸ್ವಿಚ್ಚೇ ಇರುತ್ತೆ. ಅದನ್ನ ಕಂಡುಹಿಡಿಯೋಕೆ ನಿಮಗೆ ಒಂದು ಸೆಮಿಸ್ಟರ್ ಬೇಕಾಯ್ತಾ?"

"ನಮ್ಮನೇಲಿ ಆ ಸ್ವಿಚ್ ಇರಲಿಲ್ಲ ಸರ್," ಎಂದ. ಪರೀಕ್ಷಕರು ವರದಿಯ ಮುಂದಿನ ಪುಟ ತಿರುವಿದರು. ಅಂಕಗಳು ಸಾಧಾರಣ ಬಂದವು. ಡ್ರೋನಿನವರಿಗೆ ಬಹುಮಾನ ಬಂತು. ಅವರ ಡ್ರೋನು ಸಭಾಂಗಣದ ಒಳಗೇ ಒಂದು ಸುತ್ತು ಹಾರಿ ಇಳಿಯಿತು, ನಾವೂ ಚಪ್ಪಾಳೆ ತಟ್ಟಿದೆವು. ಫಲಿತಾಂಶ ಬರುವ ಹೊತ್ತಿಗೆ ಮುಂಗಾರು ಶುರುವಾಗಿತ್ತು. ಖಾನಾವಳಿ ತೆರೆದೇ ಇತ್ತು.

ಕಿರಣ ಈಗ ಉಲ್ಲಾಳದಲ್ಲೇ ಮಳಿಗೆ ಇಟ್ಟಿದ್ದಾನೆ, ಮಲ್ಲು ಹುಬ್ಬಳ್ಳಿಯ ಕಡೆ ಕೆಲಸದಲ್ಲಿದ್ದಾನೆ. ನಾನು ಪೀಣ್ಯದಲ್ಲಿ ಪಂಪುಗಳ ಲೆಕ್ಕ ಹಾಕುತ್ತೇನೆ. ಇವತ್ತಿಗೂ ಬಣ್ಣದ ಚಿತ್ರ ಎದುರಿಗಿಟ್ಟವರಿಗೆ ಮೊದಲು ಬಾಣ ಹಾಕಿ ಎನ್ನುತ್ತೇನೆ. ಹೊಸಬರಿಗೆ ಇದು ನನ್ನ ಚಾಳಿ ಎಂದು ಗೊತ್ತು, ಕಾರಣ ಗೊತ್ತಿಲ್ಲ.

ಹೋದ ತಿಂಗಳು ವಾಸನೆ ಹಿಡಿದು ಒಳಗೆ ಹೋದಾಗ ಶಿವಪ್ಪ ಮೊದಲು ಗುರುತು ಹಿಡಿಯಲಿಲ್ಲ. ನೀಲವ್ವ ರೊಟ್ಟಿ ಕೋಣೆಯಿಂದಲೇ ಕತ್ತು ಚಾಚಿ ನನ್ನ ಹೆಸರು ಕೂಗಿದರು. ತಲೆ ನೆರೆತಿತ್ತು, ಮುಂಗೈಯ ಕಲೆ ಮಾಸಿತ್ತು. ಪಕ್ಕದಲ್ಲಿ ಇನ್ನೊಬ್ಬ ಹೆಂಗಸು ಕೂತು ಬಡಿಯುತ್ತಿದ್ದರು. ಬಾಗಿಲ ಮೇಲಿನ ಕಿಂಡಿಗೆ ಈಗ ಜಾಲರಿ ಬಂದಿತ್ತು. ನಾನು ಕತ್ತೆತ್ತಿ ಫ್ಯಾನು ನೋಡಿದೆ. ಗಡಿಯಾರದ ಮುಳ್ಳಿನಂತೆ, ತನ್ನ ಪಾಡಿಗೆ ತಾನು ತಿರುಗುತ್ತಿತ್ತು.

"ರಫೀಕ ಅಂಗಡಿ ಬಿಟ್ಟ ಮ್ಯಾಲೆ ಹೊಸಾ ಹುಡುಗ ಒಬ್ಬ ಬಂದಿದ್ದ, ಟ್ಯೂಬ್ ಲೈಟ್ ಹಾಕಾಕ," ಎಂದರು ನೀಲವ್ವ. "ಮ್ಯಾಲೆ ನೋಡಿ, ಆಂಟಿ ನಿಮ್ಮ ಫ್ಯಾನ್ ಉಲ್ಟಾ ತಿರುಗ್ತಾ ಇದೆ, ಇಷ್ಟು ವರ್ಷ ಯಾರೂ ನೋಡೇ ಇಲ್ವಾ ಅಂದ. ನಾ ಹೊರಗ ಇದ್ದಾಗ ಸರಿ ಮಾಡಿ ಹ್ವಾದ."

"ಆಮೇಲೆ?"

"ಆಮ್ಯಾಲೇನ. ಹಿಟ್ಟೆಲ್ಲಾ ಮಾರಿ ಮ್ಯಾಲೆ." ಅವರು ಬಡಿಯುವುದನ್ನು ನಿಲ್ಲಿಸದೆಯೇ ನಕ್ಕರು. "ಮರುದಿನ ಕರಸಿ, ಮೊದಲ ಹೆಂಗಿತ್ತೋ ಹಂಗ ಕೆಡಸಪಾ ಅಂದ್ನಿ. ಯಾಕ್ರೀ ಅಂತ ಕೇಳಿದ. ನಮ್ಮ ಮಲ್ಲು ಓದಿ ಮಾಡಿದ್ದದು, ಅಂದ್ನಿ."

ಅವರು ರೊಟ್ಟಿಯನ್ನು ಹಂಚಿಗೆ ಹಾಕಿ ನೀರು ಸವರಿದರು. ಕೆಳಗೆ ಉರಿ ನೆಟ್ಟಗೆ ನಿಂತಿತ್ತು.